ಲಂಡನ್ ನೋಡಲು ಒಂದೂವರೆ ದಿನ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಲಂಡನ್ನಿನ ಪ್ರೇಕ್ಷಣೀಯ ಸ್ಥಳಗಳನ್ನು ಕುರಿತು ಬಂದ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಬಿಗ್ ಬೆನ್, ಲಂಡನ್ ಐ, ಬಕಿಂಗ್‌ಹ್ಯಾಮ್ ಅರಮನೆ, ಟವರ್ ಬ್ರಿಜ್, ಮೇಣದ ಪ್ರತಿಮೆಗಳ ಪ್ರದರ್ಶನ, ಇವಿಷ್ಟನ್ನು ನೋಡಿಬಿಟ್ಟರೆ ಲಂಡನ್ ನೋಡಿದಂತಾಯಿತು ಎಂಬ ಭಾವನೆ ಆ ಬರಹದಿಂದ ಮೂಡುತ್ತದೆ. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಲಕ್ಷಗಟ್ಟಲೆ ಹಣ ಕೂಡಿಟ್ಟು ಒಮ್ಮೆ, ಬಹುಶಃ ಒಮ್ಮೆ ಮಾತ್ರ, ಅಲ್ಲಿಗೆ ಹೋಗುವ ನಮ್ಮ ಜನ ಆ ಪಟ್ಟಿಯನ್ನು ಹಿಡಿದು ಹೊರಟರೆ ಕಳೆದುಕೊಳ್ಳುವುದು ಬಹಳವಿದೆ. ಲಂಡನ್ನಿನ ಅತ್ಯುತ್ತಮ ಸಂಗತಿಗಳಲ್ಲಿ ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ. ಮತ್ತು ಅವುಗಳಲ್ಲಿ ಕೆಲವಂತೂ ನಮ್ಮ ನೆಲಕ್ಕೆ ನೇರವಾಗಿ ಸಂಬಂಧಪಟ್ಟವು. ಈ ಎರಡು ಮಾತುಗಳನ್ನು ತಮ್ಮ ಓದುಗರಿಗೆ ತಿಳಿಸಬೇಕೆಂಬುದೇ ನನ್ನ ಉದ್ದೇಶ.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. 2018ರಲ್ಲಿ ನಾನು ಮತ್ತು ನಮ್ಮ ಯಜಮಾನರು ಒಂದು ಪ್ರವಾಸ ಸಂಸ್ಥೆಯ ಹನ್ನೊಂದು ದಿನಗಳ ಯುರೋಪ್ ಪ್ಯಾಕೇಜಿನಲ್ಲಿ ಹೋಗಿದ್ದೆವು. ಅದರಲ್ಲಿ ಲಂಡನ್ನಿಗೆ ಸಿಕ್ಕಿದ್ದು ಒಂದೂವರೆ ದಿನ. ಪಾರ್ಲಿಮೆಂಟ್ ಕಟ್ಟಡದ ಎದುರು ಬಸ್ಸು ನಿಂತಾಗ ಹದಿನೈದು ನಿಮಿಷ ಎಂದರು. ಬಿಗ್ ಬೆನ್ ಗಡಿಯಾರದ ಗೋಪುರಕ್ಕೆ ಆಗ ದುರಸ್ತಿಯ ಸಾರುವೆ ಕಟ್ಟಿತ್ತು, ಆದ್ದರಿಂದ ಆ ಹದಿನೈದು ನಿಮಿಷದಲ್ಲಿ ನಾವು ನೋಡಿದ್ದು ಕಬ್ಬಿಣದ ಪೈಪುಗಳನ್ನು. ಟವರ್ ಆಫ್ ಲಂಡನ್ನಿನ ಗೋಡೆಯನ್ನು ರಸ್ತೆಯ ಆಚೆಯಿಂದ ತೋರಿಸಿದರು. ಬ್ರಿಟಿಷ್ ಮ್ಯೂಸಿಯಂ ಎಲ್ಲಿದೆ ಎಂದು ನಾನು ಕೇಳಿದಾಗ, ಅದು ನಮ್ಮ ಕಾರ್ಯಕ್ರಮದಲ್ಲಿ ಇಲ್ಲವೆಂಬ ಉತ್ತರ ಬಂತು. ಆದರೆ ಅದೇ ದಿನ ಮಧ್ಯಾಹ್ನ ಅಂಗಡಿ ಬೀದಿಯೊಂದರಲ್ಲಿ ಎರಡೂವರೆ ಗಂಟೆ ಬಿಟ್ಟಿದ್ದರು. ಆ ಮ್ಯೂಸಿಯಮ್ಮಿನಲ್ಲಿರುವ ಈಜಿಪ್ಟಿನ ರೊಸೆಟ್ಟಾ ಶಾಸನದ ಕಲ್ಲಿನ ಬಗ್ಗೆ ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ನನಗೆ, ಅದಿರುವ ಊರಿಗೆ ಹೋಗಿ ಅದನ್ನು ನೋಡದೆ ಬಂದದ್ದು ಬಹಳ ಕಾಲ ಮನಸ್ಸಿನಲ್ಲಿ ಚುಚ್ಚುತ್ತಿತ್ತು.

2023ರಲ್ಲಿ ಮಗಳು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆರು ವಾರ ಅವಳ ಮನೆಯಲ್ಲಿ ಉಳಿಯುವ ಅವಕಾಶ ಒದಗಿತು. ಮಗಳು, ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ನಾನು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. ಆಗ ತಿಳಿದದ್ದೇನೆಂದರೆ, ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನೈಸರ್ಗಿಕ ಇತಿಹಾಸದ ಮ್ಯೂಸಿಯಂ, ವಿಜ್ಞಾನ ಮ್ಯೂಸಿಯಂ, ಟೇಟ್ ಮಾಡರ್ನ್, ಬ್ರಿಟಿಷ್ ಲೈಬ್ರರಿಯ ಅಮೂಲ್ಯ ಹಸ್ತಪ್ರತಿಗಳ ಕೋಣೆ, ಇವಾವುದಕ್ಕೂ ಪ್ರವೇಶ ಶುಲ್ಕವಿಲ್ಲ. ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಶಾಶ್ವತ ಸಂಗ್ರಹವನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದೆಂದು ಆ ದೇಶದಲ್ಲಿ 2001ರ ಡಿಸೆಂಬರಿನಲ್ಲಿ ವ್ಯವಸ್ಥೆಯಾಯಿತು; ಬ್ರಿಟಿಷ್ ಮ್ಯೂಸಿಯಂ ಅಂತೂ 1759ರಲ್ಲಿ ಬಾಗಿಲು ತೆರೆದ ದಿನದಿಂದ ಆ ಪದ್ಧತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡು ಬಂದಿದೆ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ಟು. ಕೆಲವು ಕಡೆ ಉಚಿತ ಪ್ರವೇಶಕ್ಕೂ ಹೊತ್ತು ನಿಗದಿಮಾಡಿ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿದರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಪ್ಯಾಕೇಜಿನವರು ಇವುಗಳನ್ನು ತೋರಿಸದಿರುವುದಕ್ಕೆ ಹಣದ ಕಾರಣ ಇರಲಾರದು, ಸಮಯದ ಕಾರಣವಿರಬೇಕು. ಒಂದು ಮ್ಯೂಸಿಯಂ ಎಂದರೆ ಅರ್ಧ ದಿನ ಹೋಯಿತು ಎಂಬುದು ಅವರ ಲೆಕ್ಕ. ಆ ಅರ್ಧ ದಿನ ಕೊಡುವುದಕ್ಕೆ ಯೋಗ್ಯವಾದ ಜಾಗ ಇಡೀ ಪ್ರವಾಸದಲ್ಲಿ ಬೇರೊಂದಿಲ್ಲ ಎಂಬುದು ನನ್ನ ಲೆಕ್ಕ.

ಮೊದಲು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಮಾತು. ದಕ್ಷಿಣ ಕೆನ್ಸಿಂಗ್ಟನ್ ಎಂಬ ಬಡಾವಣೆಯಲ್ಲಿ ಇದು, ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಮತ್ತು ವಿಜ್ಞಾನ ಮ್ಯೂಸಿಯಂ ಮೂರೂ ಅಕ್ಕಪಕ್ಕದಲ್ಲಿವೆ. ಟಿಪ್ಪು ಸುಲ್ತಾನನ ಹುಲಿ ಎಂದು ನಾವು ಪಠ್ಯಪುಸ್ತಕದ ಚಿತ್ರದಲ್ಲಿ ನೋಡಿದ ಮರದ ಯಂತ್ರ ಅಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಹೊತ್ತು ತಂದ ವಸ್ತುಗಳಲ್ಲಿ ಅದೊಂದು; ಕೆಲಕಾಲ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕಿಟ್ಟು, ಕೊನೆಗೆ ಈ ಮ್ಯೂಸಿಯಮ್ಮಿಗೆ ಸೇರಿಸಿದರು. ಹುಲಿಯೊಂದು ಯುರೋಪಿನ ಮನುಷ್ಯನ ಮೇಲೆ ಎರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದಲ್ಲಿರುವ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳಿಗೆ ಗಾಳಿ ತುಂಬಿ, ಕೆಳಗೆ ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತಾ ಅವನ ನರಳಾಟ, ಹುಲಿಯ ಗುರುಗುಟ್ಟುವಿಕೆ ಎರಡೂ ಕೇಳುವಂತೆ ಮಾಡಿದ್ದಾರೆ. ಹುಲಿಯ ಹೊಟ್ಟೆಯ ಪಕ್ಕದ ಮುಚ್ಚಳ ತೆಗೆದರೆ ಒಳಗೆ ಹಾರ್ಮೋನಿಯಮ್ಮಿನಂತಹ ಕೀಲಿಮಣೆಯೂ ಇದೆ. ಈಗ ಅದು ಗಾಜಿನ ಪೆಟ್ಟಿಗೆಯೊಳಗಿದೆ, ಯಾರೂ ಹಿಡಿ ತಿರುಗಿಸುವಂತಿಲ್ಲ. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೆಂದರೆ ಕಾವಲಿನ ಹೆಂಗಸು ಕುರ್ಚಿ ಬೇಕೇ ಎಂದು ಕೇಳಿದರು.

ನಿಂತದ್ದಕ್ಕೆ ಕಾರಣವಿತ್ತು. ಟಿಪ್ಪುವಿನ ತಂದೆ ಹೈದರ್ ಅಲಿ ಹುಟ್ಟಿದ ಬೂದಿಕೋಟೆ ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲಿದೆ. ಹೈದರನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದ ಮಕ್ಬರಾದಲ್ಲಿದೆ. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ನಾನು ಬೂದಿಕೋಟೆಯ ಬಂಡೆಯ ಮೇಲೆ ಎಷ್ಟೋ ಸಲ ಹತ್ತಿದ್ದೇನೆ. ಟಿಪ್ಪುವಿನ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ, ನಮ್ಮ ತಾಲ್ಲೂಕಿನ ಒಂದು ಬಂಡೆಯಿಂದ ಹೊರಟ ಕಥೆ ಸಮುದ್ರದಾಚೆಯ ಆ ಗಾಜಿನ ಪೆಟ್ಟಿಗೆಯವರೆಗೆ ಹೋಗಿ ನಿಂತಿರುವುದನ್ನು ಕಣ್ಣಾರೆ ಕಾಣುವುದು ಒಂದು ಅನುಭವವೇ. ಒಂದು ಎಚ್ಚರಿಕೆಯ ಮಾತು: ಇಂತಹ ಮ್ಯೂಸಿಯಮ್ಮುಗಳಲ್ಲಿ ಒಂದೊಂದು ವಿಭಾಗವನ್ನು ನವೀಕರಣಕ್ಕಾಗಿ ದೀರ್ಘಕಾಲ ಮುಚ್ಚುವುದುಂಟು, ಆದ್ದರಿಂದ ಹೊರಡುವ ಮೊದಲು ದಕ್ಷಿಣ ಏಷ್ಯಾ ವಿಭಾಗ ತೆರೆದಿದೆಯೇ, ಹುಲಿಯನ್ನು ಎಲ್ಲಿಟ್ಟಿದ್ದಾರೆ ಎಂದು ಮ್ಯೂಸಿಯಮ್ಮಿನ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಮಕ್ಕಳು ಜೊತೆಗಿದ್ದರೆ ರಸ್ತೆ ದಾಟಿ ನೈಸರ್ಗಿಕ ಇತಿಹಾಸದ ಮ್ಯೂಸಿಯಮ್ಮಿಗೆ ಹೋಗಿ. ಅದರ ನಡುಮನೆಯ ಸೂರಿನಿಂದ ಇಪ್ಪತ್ತೈದು ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು ತೂಗುಹಾಕಿದ್ದಾರೆ.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಕಾಲು ಸೋಲುತ್ತದೆ, ಏನೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ನಾನು ಮೂರು ಸಲ ಹೋಗಿ, ಪ್ರತಿ ಸಲ ಎರಡು ಮೂರು ಕೋಣೆಗಳನ್ನು ಮಾತ್ರ ನೋಡಿದೆ. ರೊಸೆಟ್ಟಾ ಕಲ್ಲು ಕೆಳ ಅಂತಸ್ತಿನಲ್ಲಿಯೇ ಇದೆ. ಕ್ರಿಸ್ತಪೂರ್ವ 196ರ ಒಂದೇ ರಾಜಾಜ್ಞೆಯನ್ನು ಎರಡು ಬಗೆಯ ಈಜಿಪ್ಟ್ ಲಿಪಿಯಲ್ಲಿ ಮತ್ತು ಗ್ರೀಕಿನಲ್ಲಿ ಕೆತ್ತಿದ್ದರಿಂದ, ಗೊತ್ತಿದ್ದ ಗ್ರೀಕಿನ ನೆರವಿನಿಂದ ಗೊತ್ತಿಲ್ಲದ ಚಿತ್ರಲಿಪಿಯನ್ನು ಓದಲು ಸಾಧ್ಯವಾಯಿತು. ಅದರ ಸುತ್ತ ಸದಾ ಜನ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೇರವಾಗಿ ಅಲ್ಲಿಗೇ ಹೋದರೆ ಅಕ್ಷರಗಳನ್ನು ನೆಮ್ಮದಿಯಾಗಿ ನೋಡಬಹುದು. ನಮ್ಮವರು ಹೆಚ್ಚಾಗಿ ಹೋಗದ, ಆದರೆ ಹೋಗಲೇಬೇಕಾದ ಕೋಣೆಯೊಂದಿದೆ: ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳು. ಆಂಧ್ರದ ಗುಂಟೂರಿನ ಕಡೆಯ ಆ ಸುಣ್ಣಕಲ್ಲಿನ ಫಲಕಗಳಲ್ಲಿ ಆನೆ, ಕುದುರೆ, ಹೆಂಗಸರ ಕೈಬಳೆ, ಮನೆಯ ಮಾಳಿಗೆ, ಎಲ್ಲವೂ ಉಗುರಿನಿಂದ ಬಿಡಿಸಿದಷ್ಟು ನವುರಾಗಿ ಮೂಡಿವೆ. ನಮ್ಮ ಗಡಿಯಿಂದ ಒಂದು ದಿನದ ಪ್ರಯಾಣದಷ್ಟು ದೂರದ ಊರಿನ ಕಲ್ಲುಗಳಿವು. ಇವು ಅಲ್ಲಿ ಇರಬೇಕೇ, ತಮ್ಮ ಊರಿಗೆ ಮರಳಬೇಕೇ ಎಂಬ ಪ್ರಶ್ನೆ ಅಲ್ಲಿ ನಿಂತ ಪ್ರತಿಯೊಬ್ಬ ಭಾರತೀಯನ ಮನಸ್ಸಿನಲ್ಲಿ ಏಳುತ್ತದೆ, ಏಳಬೇಕು ಕೂಡ. ಮರಳಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಮರಳುವ ತನಕ ನಾವು ಹೋಗಿ ನೋಡದೇ ಇರುವುದಕ್ಕೆ ಅದು ಕಾರಣವಾಗಬಾರದು.

ಇನ್ನು ನನ್ನ ಮಟ್ಟಿಗೆ ಇಡೀ ಲಂಡನ್ನಿನ ಅತಿ ಮುಖ್ಯ ಜಾಗ, ಯಾವ ಪಟ್ಟಿಯಲ್ಲೂ ನಾನು ಕಾಣದ ಜಾಗ, ಬ್ಯಾಂಕ್ ಆಫ್ ಇಂಗ್ಲೆಂಡಿನ ಮ್ಯೂಸಿಯಂ. ನಗರದ ಹಳೆಯ ವ್ಯಾಪಾರ ಕೇಂದ್ರವಾದ ಸಿಟಿ ಎಂಬ ಭಾಗದಲ್ಲಿ, ಬ್ಯಾಂಕಿನ ಭಾರಿ ಕಲ್ಲುಗೋಡೆಯ ಒಂದು ಬದಿಯಲ್ಲಿ ಇದರ ಬಾಗಿಲಿದೆ. ಇಲ್ಲಿಯೂ ಶುಲ್ಕವಿಲ್ಲ. ಹಳೆಯ ನೋಟುಗಳು, ನಾಣ್ಯಗಳು, ಲೆಕ್ಕದ ಪುಸ್ತಕಗಳ ನಡುವೆ ಒಂದು ಪಾರದರ್ಶಕ ಪೆಟ್ಟಿಗೆ. ಅದರೊಳಗೆ ನಿಜವಾದ ಚಿನ್ನದ ಗಟ್ಟಿಯೊಂದಿದೆ. ಪೆಟ್ಟಿಗೆಯ ಪಕ್ಕದಲ್ಲಿರುವ ತೂತಿನಿಂದ ಕೈ ಒಳಗಿಟ್ಟು ಗಟ್ಟಿಯನ್ನು ಎತ್ತಿ ನೋಡಬಹುದು. ನೋಡಲು ಒಂದು ಇಟ್ಟಿಗೆಗಿಂತ ಚಿಕ್ಕದು, ತೂಕ ಸುಮಾರು 13 ಕಿಲೋ. ಮೊದಲ ಸಲ ಕೈ ಹಾಕಿದಾಗ ಅದು ಅಲುಗಲೇ ಇಲ್ಲ, ತಳಕ್ಕೆ ಅಂಟಿಸಿದ್ದಾರೆಂದು ಭಾವಿಸಿದೆ. ಎರಡನೆಯ ಸಲ ಬೆರಳುಗಳನ್ನು ಅಡಿಗೆ ತೂರಿಸಿ, ಮೊಣಕೈ ಬಿಗಿದು ಎತ್ತಿದಾಗ ಅಂಗುಲದಷ್ಟು ಮೇಲೆದ್ದಿತು. ತಣ್ಣಗಿತ್ತು, ಮತ್ತು ನುಣುಪಾಗಿತ್ತು.

ನಮ್ಮ ತಂದೆ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಇಪ್ಪತ್ತೆಂಟು ವರ್ಷ ನೆಲದಡಿಯಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ ಅದು. ರಾಕ್ ಬರ್ಸ್ಟ್ ಆದಾಗ, ಅಂದರೆ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದಾಗ, ನಮ್ಮ ಮನೆಯ ಪಾತ್ರೆಗಳು ನಾಗಂದಿಗೆಯ ಮೇಲೆ ಗಲಗಲ ಸದ್ದು ಮಾಡುತ್ತಿದ್ದವು. ಅಮ್ಮ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬಂದು, ಪಾಳಿ ಮುಗಿದು ಅಪ್ಪ ಬರುವ ತನಕ ಅಲ್ಲೇ ನಿಂತಿರುತ್ತಿದ್ದರು. ಅಷ್ಟು ವರ್ಷ ಚಿನ್ನ ತೆಗೆಯುವ ಕೆಲಸದಲ್ಲಿದ್ದರೂ ಅಪ್ಪ ಗಣಿಯೊಳಗೆ ಕಂಡದ್ದು ಕಪ್ಪು ಕಲ್ಲು, ಬಿಳಿ ಕಲ್ಲಿನ ಗೆರೆ, ನೀರು ಮತ್ತು ಧೂಳು. ಚಿನ್ನದ ಗಟ್ಟಿಯನ್ನು ಒಮ್ಮೆಯೂ ಕೈಯಲ್ಲಿ ಹಿಡಿದವರಲ್ಲ. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲನ್ನು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಆ ಲೆಕ್ಕದಲ್ಲಿ ನಾನು ಎತ್ತಿದ ಗಟ್ಟಿಯಷ್ಟು ಚಿನ್ನ ಕೂಡಬೇಕಾದರೆ ಸಾವಿರಾರು ಟನ್ ಕಲ್ಲು ಮೇಲೆ ಬರಬೇಕಿತ್ತು. ಆ ಕಲ್ಲಿನ ಪುಡಿಯೇ ಇಂದು ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳಾಗಿ ಬಿದ್ದಿದೆ, ಬೇಸಿಗೆಯ ಗಾಳಿಗೆ ಮನೆಗಳೊಳಗೆ ನುಗ್ಗುತ್ತದೆ. 1880ರಿಂದ ಆ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನ ಸಂಸ್ಥೆ. ಗಣಿ ಕಂಪನಿಗಳ ಷೇರುದಾರರು ಸಭೆ ಸೇರುತ್ತಿದ್ದದ್ದು, ಲಾಭ ಹಂಚಿಕೊಳ್ಳುತ್ತಿದ್ದದ್ದು ಇದೇ ನಗರದಲ್ಲಿ. ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದದ್ದು 1956ರಲ್ಲಿ, ಮುಚ್ಚಿದ್ದು 2001ರಲ್ಲಿ. ಅಂದು ನಾನು ಮುಟ್ಟಿದ ಗಟ್ಟಿ ಯಾವ ದೇಶದ ಚಿನ್ನವೆಂದು ನಾನು ಕೇಳಲಿಲ್ಲ. ಅಪ್ಪನ ಪಾಲಿನದನ್ನು ನಾನು ಎತ್ತಿದೆ ಎಂದಷ್ಟೇ ಅನ್ನಿಸಿತು. ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದ ಯಾರೇ ಲಂಡನ್ನಿಗೆ ಹೋದರೂ, ಲಂಡನ್ ಐ ಚಕ್ರವನ್ನು ಹತ್ತದಿದ್ದರೂ ಪರವಾಗಿಲ್ಲ, ಇಲ್ಲಿಗೆ ಹೋಗಿ ಆ ಪೆಟ್ಟಿಗೆಯೊಳಗೆ ಕೈ ಇಡಬೇಕು.

ಬ್ಯಾಂಕಿನಿಂದ ಹತ್ತು ನಿಮಿಷ ನಡೆದರೆ ಸೇಂಟ್ ಪಾಲ್ಸ್ ಕೆಥೆಡ್ರಲ್ ಸಿಗುತ್ತದೆ. 1666ರ ಮಹಾ ಬೆಂಕಿಯಲ್ಲಿ ಹಳೆಯ ಇಗರ್ಜಿ ಸುಟ್ಟುಹೋದ ಮೇಲೆ ಕ್ರಿಸ್ಟೋಫರ್ ರೆನ್ ಎಂಬ ವಾಸ್ತುಶಿಲ್ಪಿ 1675ರಿಂದ ಕಟ್ಟಿಸಿದ್ದು. ಅದರ ಗುಮ್ಮಟದ ಒಳಗೆ ಪಿಸುಮಾತಿನ ಗ್ಯಾಲರಿ ಇದೆ ಎಂದು ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ನಾನು ಹೋದಾಗ ಆ ಗ್ಯಾಲರಿ ಮುಚ್ಚಿತ್ತು. ಅದಕ್ಕಾಗಿ ನನಗೆ ಹೆಚ್ಚು ವ್ಯಥೆಯಾಗಲಿಲ್ಲ, ಏಕೆಂದರೆ ರೆನ್ ಕೆಲಸ ಶುರುಮಾಡುವುದಕ್ಕೂ ಹತ್ತೊಂಬತ್ತು ವರ್ಷ ಮೊದಲೇ, 1656ರಲ್ಲಿ ಮುಗಿದ ನಮ್ಮ ವಿಜಯಪುರದ ಗೋಲಗುಮ್ಮಟದಲ್ಲಿ ಅಂತಹ ಪಿಸುಮಾತನ್ನು ನಾನು ಕೇಳಿದ್ದೇನೆ. ನಾನು ಒಳಗೆ ಹೋಗಿದ್ದು ಟಿಪ್ಪುವಿನ ವಿರುದ್ಧ ಯುದ್ಧ ಮಾಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸ್ಮಾರಕ ನೋಡಲು. 1791ರ ಅಕ್ಟೋಬರಿನಲ್ಲಿ ನಂದಿಬೆಟ್ಟದ ಕೋಟೆಯನ್ನು ಮುತ್ತಿ ಹಿಡಿದದ್ದು ಅವನ ಸೈನ್ಯ. ಭಾನುವಾರ ಬೆಳಗಿನ ಜಾವ ಮಂಜು ನೋಡಲು ನಂದಿಗೆ ಹೋಗುವ ನಮ್ಮ ಹುಡುಗರು ಆ ಕೋಟೆಗೋಡೆಯ ಮೇಲೆಯೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ಹಿಡಿದವನ ಅಮೃತಶಿಲೆಯ ಮೂರ್ತಿ ಎಲ್ಲಿ ನಿಂತಿದೆ ಎಂಬುದನ್ನು ಯಾರಾದರೂ ಅವರಿಗೆ ಹೇಳಬೇಕು. ಇಲ್ಲಿ ಪ್ರವೇಶ ಶುಲ್ಕ ಸಾಕಷ್ಟಿದೆ. ಸಂಜೆಯ ಪ್ರಾರ್ಥನೆಗೆ ಹೋಗುವವರು ಶುಲ್ಕ ಕೊಡಬೇಕಾಗಿಲ್ಲ. ಆ ಹೊತ್ತಿನಲ್ಲಿ ತಿರುಗಾಡಿ ನೋಡುವಂತಿಲ್ಲವಾದರೂ, ಗುಮ್ಮಟದಡಿಯಲ್ಲಿ ಕುಳಿತು ಗಾಯನ ಕೇಳಬಹುದು.

ಕಾಲಿನಲ್ಲಿ ಶಕ್ತಿ ಇರುವವರು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ನಡೆಯಬೇಕು. ಇದು ನಾನು ಕೊಡುವ ಎಲ್ಲ ಸಲಹೆಗಳಲ್ಲಿ ಅತಿ ಅಗ್ಗದ್ದು ಮತ್ತು ಅತಿ ಖಚಿತವಾದದ್ದು. ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ ಬಲಕ್ಕೆ ತಿರುಗಿದರೆ ನದಿಯಾಚೆ ಪಾರ್ಲಿಮೆಂಟ್ ಕಟ್ಟಡ ಉದ್ದಕ್ಕೂ ಕಾಣುತ್ತದೆ. ಆ ನೋಟ ಬಸ್ಸು ನಿಲ್ಲುವ ಜಾಗದಿಂದ ಎಂದೂ ಸಿಗದು. ಈ ದಂಡೆಯ ಗೋಡೆಯ ಮೇಲೆ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಅವರ ಮನೆಯವರು ಬಿಡಿಸಿದ ಕೆಂಪು ಹೃದಯಗಳು ಸಾಲುಸಾಲಾಗಿವೆ, ಕೆಲವುದರೊಳಗೆ ಹೆಸರು ಬರೆದಿದ್ದಾರೆ. ಹಾಗೆಯೇ ಮುಂದೆ ಲ್ಯಾಂಬೆತ್ ಸೇತುವೆಯ ಕಡೆಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ದಂಡೆಗೆ ಹೋದರೆ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಸ್ಥಾಪನೆಗೊಂಡ ಇದನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ನಾನು ಹೋದ ಬೆಳಿಗ್ಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಪೀಠದ ಬುಡದಲ್ಲಿ ಯಾರೋ ಇಟ್ಟುಹೋದ ಹಳದಿ ಹೂಗಳು ಬಾಡಿದ್ದವು. ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದಲ್ಲಿ ಎಲ್ಲ ಕಸುಬಿನವರನ್ನೂ ಕೂಡಿಸಿ ಮಾತನಾಡಿಸಿದವರ ಮೂರ್ತಿ, ಪಾರ್ಲಿಮೆಂಟುಗಳ ತಾಯಿ ಎಂದು ಕರೆಯಿಸಿಕೊಳ್ಳುವ ಸಭೆಯ ಎದುರು ದಂಡೆಯಲ್ಲಿ ನಿಂತಿರುವುದನ್ನು ಕಂಡಾಗ ಕಣ್ಣು ತುಂಬಿ ಬಂತು. ನಮ್ಮ ಕಡೆಯ ಯಾವ ಪ್ರವಾಸ ಕಾರ್ಯಕ್ರಮದಲ್ಲೂ ಈ ಜಾಗವನ್ನು ನಾನು ಕಂಡಿಲ್ಲ. ಬಸ್ಸು ನಿಲ್ಲಿಸುವ ಜಾಗದಿಂದ ಹದಿನೈದು ನಿಮಿಷದ ನಡಿಗೆಯ ದೂರದಲ್ಲೇ ಇದೆ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ ಎಡಕ್ಕೆ, ಪೂರ್ವದ ಕಡೆಗೆ ನಡೆದರೆ ಟವರ್ ಬ್ರಿಜ್‌ವರೆಗೆ ನಾಲ್ಕೈದು ಕಿಲೋಮೀಟರ್. ಇಡೀ ದಾರಿಯಲ್ಲಿ ವಾಹನಗಳ ಕಾಟ ಬಹಳ ಕಡಿಮೆ, ಕೂರಲು ಬೆಂಚುಗಳಿವೆ. ವಾಟರ್ಲೂ ಸೇತುವೆಯ ಅಡಿಯಲ್ಲಿ ಹಳೆಯ ಪುಸ್ತಕ ಮಾರುವ ಮೇಜುಗಳು. ಮುಂದೆ ಟೇಟ್ ಮಾಡರ್ನ್. ಇದು 1981ರಲ್ಲಿ ಮುಚ್ಚಿಹೋದ ಒಂದು ವಿದ್ಯುತ್ ಸ್ಥಾವರ. ಅದರ ಇಟ್ಟಿಗೆಯ ಚಿಮಣಿ, ಟರ್ಬೈನ್ ಕೂರಿಸಿದ್ದ ದೊಡ್ಡ ಹಜಾರ ಎಲ್ಲವನ್ನೂ ಉಳಿಸಿಕೊಂಡು 2000ದಲ್ಲಿ ಕಲಾ ಸಂಗ್ರಹಾಲಯವಾಗಿ ತೆರೆದರು. ಅಲ್ಲಿನ ಆಧುನಿಕ ಕಲೆ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಆ ಹಜಾರದಲ್ಲಿ ನಿಂತಾಗ, 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡು ನಡೆದ ನಮ್ಮ ಗಣಿಗಳ ಯಂತ್ರಗೃಹಗಳು ತುಕ್ಕು ಹಿಡಿದು ನಿಂತಿರುವುದು ನೆನಪಾಗಿ ಸಂಕಟವಾಯಿತು. ನಮ್ಮ ಸರ್ಕಾರ ಒಂದು ತಂಡವನ್ನು ಅಧ್ಯಯನಕ್ಕೆಂದು ಕಳಿಸುವುದಾದರೆ ಈ ಕಟ್ಟಡಕ್ಕೆ ಕಳಿಸಲಿ.

ಟಿಕೆಟ್ ಕೊಟ್ಟು ನೋಡಬೇಕಾದವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಟವರ್ ಆಫ್ ಲಂಡನ್ ಎನ್ನುತ್ತೇನೆ. ಟಿಕೆಟ್ ದುಬಾರಿ, ಆದರೆ ಅರ್ಧ ದಿನ ಒಳಗಿರಬಹುದು. ನಡುವಿನ ಬಿಳಿ ಗೋಪುರವನ್ನು ವಿಲಿಯಂ ದೊರೆ ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಲು ತೊಡಗಿದ್ದು. ರಾಜಮನೆತನದ ಆಭರಣಗಳ ಕೋಣೆಯಲ್ಲಿ, ಈಗಿನ ರಾಜನ ಅಜ್ಜಿಯ ಕಿರೀಟದ ಮುಂಭಾಗದಲ್ಲಿ, ಕೊಹಿನೂರ್ ವಜ್ರವಿದೆ. 1849ರಲ್ಲಿ ಪಂಜಾಬು ಕೈವಶವಾದಾಗ ಇನ್ನೂ ಬಾಲಕನಾಗಿದ್ದ ಮಹಾರಾಜ ದುಲೀಪ್ ಸಿಂಗನಿಂದ ಪಡೆದುಕೊಂಡು, ಬಳಿಕ ಮತ್ತೆ ಸಾಣೆ ಹಿಡಿಸಿ 105.6 ಕ್ಯಾರಟ್ಟಿಗೆ ಇಳಿಸಿದ ವಜ್ರ. ಜನ ನಿಂತು ದಟ್ಟಣೆಯಾಗಬಾರದೆಂದು ಕಿರೀಟಗಳ ಮುಂದೆ ಚಲಿಸುವ ಪಟ್ಟಿಯನ್ನು ಹಾಸಿದ್ದಾರೆ, ಕ್ಷಣದಲ್ಲಿ ಮುಂದಕ್ಕೆ ಸಾಗಿಸಿಬಿಡುತ್ತದೆ. ಜನ ಕಡಿಮೆಯಿದ್ದರೆ ಸುತ್ತಿಕೊಂಡು ಬಂದು ಮತ್ತೊಮ್ಮೆ ಹತ್ತಬಹುದು. ನಾನು ಮೂರು ಸಲ ಹತ್ತಿದೆ. ಹೊರಗೆ ಬಂದರೆ ಪಕ್ಕದಲ್ಲೇ 1894ರ ಟವರ್ ಬ್ರಿಜ್. ನಮ್ಮವರಲ್ಲಿ ಬಹಳ ಮಂದಿ ಇದನ್ನೇ ಲಂಡನ್ ಬ್ರಿಜ್ ಎಂದುಕೊಂಡಿದ್ದಾರೆ; ಲಂಡನ್ ಬ್ರಿಜ್ ಇದರ ಪಶ್ಚಿಮಕ್ಕಿರುವ, ನೋಡಲು ಸಾಧಾರಣವಾದ ಇನ್ನೊಂದು ಸೇತುವೆ.

ಗ್ರೀನಿಚ್ ಬಗ್ಗೆ ಶಿಕ್ಷಕಿಯಾಗಿ ನಾಲ್ಕು ಮಾತು ಹೇಳದಿರಲಾರೆ. ವೆಸ್ಟ್‌ಮಿನ್‌ಸ್ಟರ್ ಬಳಿಯಿಂದ ದೋಣಿಯಲ್ಲೇ ಹೋಗಬಹುದು. ಗುಡ್ಡದ ಮೇಲಿನ ಹಳೆಯ ಖಗೋಳ ವೀಕ್ಷಣಾಲಯದ ಅಂಗಳದಲ್ಲಿ ಸೊನ್ನೆ ಡಿಗ್ರಿ ರೇಖಾಂಶವನ್ನು ಲೋಹದ ಪಟ್ಟಿಯಿಂದ ಗುರುತು ಮಾಡಿದ್ದಾರೆ. ಭಾರತದ ಕಾಲಮಾನ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ್ದು, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 330 ನಿಮಿಷ, ಅಂದರೆ ಐದೂವರೆ ಗಂಟೆ ಎಂದು ಕಪ್ಪುಹಲಗೆಯ ಮೇಲೆ ನೂರಾರು ಸಲ ಬರೆದ ಕೈಗೆ ಆ ಪಟ್ಟಿಯನ್ನು ಮುಟ್ಟಿದಾಗ ಆದ ಸಂತೋಷ ಹೇಳತೀರದು. ಆ ದಿನ ನನ್ನ ಫೋನು ಊರಿಗೂ ಅಲ್ಲಿಗೂ ನಾಲ್ಕೂವರೆ ಗಂಟೆಯ ಅಂತರವನ್ನಷ್ಟೇ ತೋರಿಸುತ್ತಿತ್ತು; ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಲೆಕ್ಕವನ್ನು ಅಲ್ಲಿಯೇ ಹೇಳಿಕೊಡಬಹುದು. ವೀಕ್ಷಣಾಲಯದ ಒಳಗೆ ಟಿಕೆಟ್ಟಿದೆ, ಗುಡ್ಡದ ಮೇಲಿನಿಂದ ಇಡೀ ನಗರ ಕಾಣುವ ನೋಟಕ್ಕೆ ಇಲ್ಲ.

ಖರ್ಚಿನ ಬಗ್ಗೆ ನಮ್ಮವರಿಗೆ ಇರುವ ಭಯ ಸಹಜ. ನಾನು ಹೋದ ವರ್ಷ ಬಸ್ಸಿನ ದರ 1.75 ಪೌಂಡ್ ಇತ್ತು, ಒಮ್ಮೆ ಕೊಟ್ಟರೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಮತ್ತೆ ಕೊಡಬೇಕಾಗಿರಲಿಲ್ಲ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡನ್ನು ಮುಟ್ಟಿಸಬೇಕು. ಒಬ್ಬರಿಗೆ ಒಂದು ಕಾರ್ಡು ಬೇಕು, ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡಿನಲ್ಲಿ ಹೋಗಲಾಗದು. ಟ್ರಫಾಲ್ಗರ್ ಚೌಕದಿಂದ ಟವರ್‌ ಕಡೆಗೆ ಹೋಗುವ 15ನೆಯ ನಂಬರಿನ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತರೆ, ಪ್ರವಾಸಿಗರಿಗೆಂದೇ ಓಡಿಸುವ ದುಬಾರಿ ಬಸ್ಸಿನಲ್ಲಿ ಕಾಣುವುದರಲ್ಲಿ ಬಹುಪಾಲು ಕಾಣುತ್ತದೆ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಕೆಲವು ಶುಕ್ರವಾರ ರಾತ್ರಿ ತಡವಾಗಿ ಮುಚ್ಚುತ್ತವೆ, ಆಗ ಜನ ಕಡಿಮೆ. ಸಸ್ಯಾಹಾರಿಗಳು ಯೂಸ್ಟನ್ ನಿಲ್ದಾಣದ ಹಿಂದಿನ ಡ್ರಮಂಡ್ ಬೀದಿಗೆ ಹೋದರೆ ದೋಸೆ, ಅನ್ನ ಸಾರು ಸಿಗುತ್ತದೆ. ನಾನು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಉದ್ಯಾನದ ಬೆಂಚಿನ ಮೇಲೆ ಕುಳಿತು ತಿನ್ನುತ್ತಿದ್ದೆ. ಅಲ್ಲಿನವರೂ ತಮ್ಮ ಬುತ್ತಿ ಬಿಚ್ಚಿ ಹಾಗೆಯೇ ತಿನ್ನುತ್ತಾರೆ, ಸಂಕೋಚಪಡುವ ಕಾರಣವಿಲ್ಲ.

ಕಡೆಯದಾಗಿ, ನಮ್ಮ ಜಿಲ್ಲೆಗಳಲ್ಲಿ ಇಂತಹ ಪ್ರವಾಸಗಳನ್ನು ಏರ್ಪಡಿಸುವವರಲ್ಲಿ ತಮ್ಮ ಪತ್ರಿಕೆಯ ಮೂಲಕ ಒಂದು ಮನವಿ. ಹನ್ನೊಂದು ದಿನದಲ್ಲಿ ಏಳೆಂಟು ಊರು ತೋರಿಸುವ ಬದಲು ಎರಡು ಊರನ್ನು ಕೈಬಿಟ್ಟು ಲಂಡನ್ನಿಗೆ ಪೂರ್ತಿ ಮೂರು ದಿನ ಕೊಡಿ. ಕರಪತ್ರದಲ್ಲಿ ಒಂದೊಂದು ಸ್ಥಳದ ಮುಂದೆ, ಒಳಗೆ ಕರೆದುಕೊಂಡು ಹೋಗುತ್ತೀರೋ ಬಸ್ಸಿನಿಂದ ತೋರಿಸುತ್ತೀರೋ, ಅಲ್ಲಿ ಎಷ್ಟು ಹೊತ್ತು ಬಿಡುತ್ತೀರಿ ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಅಚ್ಚುಮಾಡಿಸಿ. ಹಣ ಕಟ್ಟುವ ಹಿರಿಯರಲ್ಲಿ ಅನೇಕರು ಕರಪತ್ರದಲ್ಲಿನ ಚಿತ್ರ ನೋಡಿ ಒಳಗೆ ಹೋಗುತ್ತೇವೆಂದೇ ನಂಬಿರುತ್ತಾರೆ, ನಾವೂ ನಂಬಿದ್ದೆವು. ಬಸವಣ್ಣನವರ ಪ್ರತಿಮೆಯನ್ನು ಕಾರ್ಯಕ್ರಮಕ್ಕೆ ಸೇರಿಸಲು ನಿಮಗೆ ಒಂದು ರೂಪಾಯಿಯೂ ಹೆಚ್ಚು ತಗಲುವುದಿಲ್ಲ. ಮತ್ತು ದಿನಗಳನ್ನು ಗೊತ್ತುಮಾಡುವಾಗ ಇದನ್ನು ಗಮನದಲ್ಲಿಡಿ: ಬ್ಯಾಂಕ್ ಆಫ್ ಇಂಗ್ಲೆಂಡ್ ಮ್ಯೂಸಿಯಂ ಶನಿವಾರ, ಭಾನುವಾರ ಸಾಮಾನ್ಯವಾಗಿ ಮುಚ್ಚಿರುತ್ತದೆ. ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯ ಪ್ರವಾಸಿಗರು ನಿಮ್ಮ ಗುಂಪಿನಲ್ಲಿದ್ದರೆ ವಾರದ ನಡುವಿನ ಒಂದು ಮಧ್ಯಾಹ್ನವನ್ನು ಅದಕ್ಕೆಂದು ಮೊದಲೇ ಎತ್ತಿಡಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಬಂಗಾರಪೇಟೆ, ಕೋಲಾರ ಜಿಲ್ಲೆ